ಗಿಟುಕಿನ ಹೊಸ ಆವೃತ್ತಿ, ಅಪ್ಪನ ಕೋತಿ ಆಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಸಾಫ್ಟ್‌ವೇರ್ ಬಿಡುಗಡೆ ಮಾಡಿ ನೋಡು ಅನ್ನಲಿಲ್ಲ. ಪಾಪ, ಅವರಿಗೆ ಆ ಕಾಟ ಇರಲಿಲ್ಲ. ನಾನು ತಿಪಟೂರಿನಲ್ಲಿ ಕೂತು ಆ ಕೆಲಸವನ್ನು ಮತ್ತೆ ಮತ್ತೆ ಮಾಡಿದವನು. ಎಷ್ಟೇ ಹುಷಾರಾಗಿದ್ದರೂ ಪ್ರತಿ ಸಲ ಏನಾದರೊಂದು ಆಗಿಯೇ ತೀರುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಬೆವರು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಊರಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಇಟ್ಟುಕೊಂಡಿದ್ದೆ. ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ ತುರುಕಿ ಆಡುತ್ತಿದ್ದ ಹಳೇ ವೀಡಿಯೋ ಗೇಮ್ ಡಬ್ಬಗಳು ನಿಮಗೆ ನೆನಪಿರಬಹುದು. ಅವು ಕೆಟ್ಟು ಗುಜರಿ ಸೇರಿದ ಮೇಲೂ ಆ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಬೇಕೆಂದರೆ, ಕಂಪ್ಯೂಟರು ತಾನೇ ಆ ಹಳೇ ಡಬ್ಬ ಎಂದು ನಟಿಸಬೇಕು. ಹಾಗೆ ನಟನೆ ಮಾಡಿಸುವ ಸಾಫ್ಟ್‌ವೇರಿಗೆ ಎಮ್ಯುಲೇಟರ್ ಅನ್ನುತ್ತಾರೆ. ಅಂಥದ್ದೊಂದನ್ನು ನಾನು ಬರೆದು, ಅದಕ್ಕೆ ‘ಗಿಟುಕು’ ಎಂದು ಹೆಸರಿಟ್ಟು, ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಹಂಚುತ್ತಿದ್ದೆ. ತೆಂಗಿನಕಾಯಿ ಅಟ್ಟದ ಮೇಲೆ ಕೂತು ಕೂತು ಚಿಪ್ಪಿನೊಳಗೇ ಒಣಗಿ ಗಿಟುಕಾಗುತ್ತದಲ್ಲ, ಹಳೆಯದಾದಷ್ಟೂ ರುಚಿ. ಹಳೇ ಆಟಗಳಿಗೆ ಅದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯಲಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಮೂರು ಬಗೆಯ ಕಂಪ್ಯೂಟರುಗಳಲ್ಲೂ ಗಿಟುಕು ಓಡಬೇಕು ಎಂಬುದು ನನ್ನ ಹಟ. ಪರದೇಶಗಳಲ್ಲಿ ಅದನ್ನು ಬಳಸುವವರಿದ್ದರು. ಊರಲ್ಲಿ ಕೇಳುವವರೇ ಇರಲಿಲ್ಲ.

ಹೀಗಿರುವಾಗ ಅಪ್ಪನಿಗೆ ಎದೆನೋವು ಬಂತು. ಅಪ್ಪನದು ಕೊಬ್ಬರಿ ಮಂಡಿ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, ನಾನು ಹೇಳುವವರೆಗೆ ಮಂಡಿಯ ಕಡೆ ತಲೆ ಹಾಕಿಯೂ ಮಲಗಬೇಡಿ ಎಂದು ಗದರಿಸಿದ್ದರು. ಆದರೆ ಬೀದಿಯಲ್ಲಿ ಲಾರಿ ಹಾರನ್ ಕೇಳಿದರೆ ಸಾಕು, ಅಪ್ಪನ ಟವೆಲ್ಲು ಹೆಗಲಿಗೆ ಏರುತ್ತಿತ್ತು. ಅಮ್ಮ ಬಾಗಿಲಿಗೆ ಅಡ್ಡ ನಿಂತು ಅಳುತ್ತಿದ್ದಳು. ದಿಕ್ಕು ತೋಚದೆ ನಾನು ಕೇಂದ್ರದ ಒಂದು ಕಂಪ್ಯೂಟರನ್ನು ಮನೆಗೆ ತಂದು ಗಿಟುಕಿನಲ್ಲಿ ಒಂದು ಹಳೇ ಜಪಾನೀ ಆಟ ಹಾಕಿಕೊಟ್ಟೆ. ಮರದ ಮೇಲಿನ ಕೋತಿ ಹಣ್ಣು ಕೆಡವುತ್ತದೆ, ಕೆಳಗೊಬ್ಬ ಕುಳ್ಳ ಅವನ್ನು ಬುಟ್ಟಿಯಲ್ಲಿ ಹಿಡಿಯಬೇಕು. ಒಂದು ಮರ ಮುಗಿದರೆ ಆಟದಲ್ಲಿ ಒಂದು ಮನೆ ದಾಟಿದ ಹಾಗೆ, ಮುಂದಿನ ಮನೆಯಲ್ಲಿ ಇನ್ನೊಂದು ಮರ. ಅಪ್ಪ ಮೊದಲ ದಿನ ಮೂಗು ಮುರಿದರು. ಮಾರನೆಯ ದಿನ ಕಾಫಿಯನ್ನು ಅಲ್ಲಿಗೇ ತರಿಸಿಕೊಂಡರು. ಈ ಕೋತಿ ಕಾಯಿ ಕೆಡವೋದ್ರಲ್ಲಿ ನಮ್ಮ ಆಳಿಗಿಂತ ವಾಸಿ ಎಂದು ಮೆಚ್ಚುಗೆಯನ್ನೂ ಸೂಚಿಸಿದರು.

ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು: “ನೋಡಪ್ಪ, ಆ ಕೋತಿ ಇರೋವರ್ಗೂ ನಿಮ್ಮಪ್ಪ ಕೂತಿರ್ತಾರೆ. ಅದನ್ನ ಮಾತ್ರ ಕೆಡಿಸ್ಬೇಡ ಕಣಪ್ಪ.”

ಆದರೆ ಗಿಟುಕು ಇನ್ನೂ ಎಳೆಯದು. ಆಟ ನಾಲ್ಕಾರು ಮನೆ ದಾಟುವಷ್ಟರಲ್ಲಿ ಎಲ್ಲಾದರೂ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ಕೋತಿ ನಿಂತರೆ ಅಪ್ಪ ಏಳುತ್ತಿದ್ದರು, ಟವೆಲ್ಲು ಏರುತ್ತಿತ್ತು. ಆಗ ನಾನು ದೋಷ ಹುಡುಕಿ, ತಿದ್ದಿ, ಹೊಸ ಆವೃತ್ತಿ ಬಿಡಬೇಕು. ಪ್ರಪಂಚದ ಮಿಕ್ಕ ಜನಕ್ಕೆ ಅದೊಂದು ಆಟ, ನನಗೆ ಅದು ಅಪ್ಪನ ಎದೆಯ ಔಷಧಿ.

ಸದ್ದು ಬರದ ಸಿ.ಡಿ.

ಮೊದಮೊದಲು ಹೊಸ ಆವೃತ್ತಿಯನ್ನು ಕೇಂದ್ರದಿಂದ ಮನೆಗೆ ಫ್ಲಾಪಿಯಲ್ಲಿ ಒಯ್ಯುತ್ತಿದ್ದೆ. ಅಪ್ಪ ಅದನ್ನು ಕೈಗೆ ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು, ಗಡಗಡ ಅಲ್ಲಾಡಿಸುತ್ತಿದ್ದರು. ಅಟ್ಟದ ಕಾಯಿಯನ್ನು ನೋಡುವ ಕ್ರಮ ಅದೇ. ಒಳಗೆ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅಂದರೆ ಆಗಿದೆ ಅಂತ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಫ್ಲಾಪಿಯ ಒಳಗಿನ ತಟ್ಟೆಯೂ ಸ್ವಲ್ಪ ಸದ್ದು ಮಾಡುತ್ತಿತ್ತು. ಹೂಂ, ಆಗೈತೆ, ಹಾಕು ಎಂದು ಅಪ್ಪ ಅಪ್ಪಣೆ ಕೊಡುತ್ತಿದ್ದರು. ತಮಾಷೆಗೋ ನಿಜಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ, ಮುಖದಲ್ಲಿ ಮಾತ್ರ ನಗು ಇರುತ್ತಿರಲಿಲ್ಲ.

ಬರಬರುತ್ತಾ ಗಿಟುಕು ದಪ್ಪವಾಗಿ ಫ್ಲಾಪಿಯಲ್ಲಿ ಹಿಡಿಸದೆ ಹೋಯಿತು. ಒಂದು ದಿನ ಸಿ.ಡಿ. ತಂದೆ. ಅಪ್ಪ ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದು ಕಿವಿಗೂ ಹಿಡಿದು ಅಲ್ಲಾಡಿಸಿದರು. ಇದು ಇನ್ನೂ ಹಸಿ ಐತೆ, ತಗಂಡೋಗು ಎಂದು ವಾಪಸ್ಸು ಕೊಟ್ಟರು. ಇದು ಬೇರೆ ಜಾತಿಯದು, ಸದ್ದು ಬರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಸದ್ದು ಬರದ ಕಾಯಿಯನ್ನು ಒಡೆದು ನಷ್ಟ ಮಾಡಿಕೊಂಡವರ ಕಥೆಗಳನ್ನೇ ಹೇಳಿದರು.

ಬಸ್‌ಸ್ಟ್ಯಾಂಡಿನ ಬಳಿ ಟೀವಿ, ರೇಡಿಯೋ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದ. ಊರೆಲ್ಲ ಅವನನ್ನು ಭಾಯ್ ಅನ್ನುತ್ತಿತ್ತು. ಕೆಟ್ಟ ಗೇಮ್ ಡಬ್ಬಗಳೂ ಕ್ಯಾಸೆಟ್ಟುಗಳೂ ನನಗೆ ಸಿಗುತ್ತಿದ್ದದ್ದು ಅವನಿಂದಲೇ. ಅವನಲ್ಲಿ ಗೋಳು ತೋಡಿಕೊಂಡೆ. ಅವನು ಸಿ.ಡಿ.ಯನ್ನು ಒಂದು ಡಬ್ಬಿಗೆ ಹಾಕಿ, ಜೊತೆಗೆ ಸಣ್ಣದೊಂದು ನಟ್ಟು ಬಿಟ್ಟು, ಮುಚ್ಚಳ ಮುಚ್ಚಿ ಕೊಟ್ಟ. ಎರಡು ದಿನ ಬಿಟ್ಟು ಅದನ್ನು ಅಪ್ಪನ ಕೈಗಿಟ್ಟೆ. ಅಪ್ಪ ಅಲ್ಲಾಡಿಸಿದರು. ಲೊಟಲೊಟ ಅಂದಿತು.

“ನೋಡ್ದೇನ್ಲಾ,” ಅಂದರು ಅಪ್ಪ. “ಎರಡು ದಿನ ಇಟ್ಟಿದ್ಕೆ ಹೆಂಗಾಗೈತೆ.”

ಮುಕ್ಕಣ್ಣನ ಲಗ್ನಪತ್ರಿಕೆ

ವಿಂಡೋಸ್, ಲಿನಕ್ಸ್ ಎರಡನ್ನೂ ನನ್ನ ಕೇಂದ್ರದಲ್ಲೇ ಪರೀಕ್ಷೆ ಮಾಡಬಹುದಿತ್ತು. ಮ್ಯಾಕ್ ಇದ್ದದ್ದು ನನಗೆ ಗೊತ್ತಿದ್ದಂತೆ ಒಂದೇ ಕಡೆ, ನನ್ನ ಸಹಪಾಠಿಯೊಬ್ಬನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಅದರಲ್ಲಿ ಅವನು ಲಗ್ನಪತ್ರಿಕೆ ಜೋಡಿಸುತ್ತಿದ್ದ. ಎರಡು ಪತ್ರಿಕೆಗಳ ಮಧ್ಯೆ ಟೀ ಕುಡಿಯುವಷ್ಟು ಹೊತ್ತು ಮಿಷಿನ್ನು ನನಗೆ ಬಿಟ್ಟುಕೊಡುವುದಾಗಿ ಒಪ್ಪಂದವಾಗಿತ್ತು. ಲಗ್ನದ ಕಾಲದಲ್ಲಿ ಅವನಿಗೆ ಟೀ ಕುಡಿಯಲೂ ಪುರುಸೊತ್ತಿರುತ್ತಿರಲಿಲ್ಲ, ಹಾಗಾಗಿ ನನ್ನ ಆವೃತ್ತಿಗಳೆಲ್ಲ ಮುಹೂರ್ತವಿಲ್ಲದ ಆಷಾಢದಲ್ಲೇ ಚೆನ್ನಾಗಿ ಬರುತ್ತಿದ್ದವು.

ಒಂದು ಸಲ ಅಪ್ಪನ ಕೋತಿ ಲಗ್ನದ ಕಾಲದಲ್ಲೇ ನಿಂತುಬಿಟ್ಟಿತು. ಓಡಿಹೋಗಿ, ಕಾಡಿ ಬೇಡಿ, ಮ್ಯಾಕಿನಲ್ಲಿ ಹೊಸ ಗಿಟುಕು ಹಾಕಿ ನೋಡಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಬಂದೆ. ಅವಸರದಲ್ಲಿ ಗಿಟುಕಿನ ಗುರುತಿನ ಚಿತ್ರ, ಅಂದರೆ ಐಕಾನ್, ಅವನ ಕಳಸದ ಚಿತ್ರಗಳಿದ್ದ ಜಾಗದಲ್ಲೇ ಉಳಿದುಹೋಯಿತು. ನಾನೇ ಬರೆದಿದ್ದ ಚಿತ್ರ ಅದು. ಸಣ್ಣ ಸಣ್ಣ ಚೌಕಗಳಲ್ಲಿ ಜೋಡಿಸಿದ, ಜುಟ್ಟು ಕಿತ್ತ, ಮೂರೂ ಕಣ್ಣು ಕಾಣುವ ತೆಂಗಿನಕಾಯಿ.

ಮಾರನೆಯ ದಿನ ಸಹಪಾಠಿಯ ಫೋನು ಬಂತು. ಮಾಯಸಂದ್ರದ ಕಡೆಯವರ ಲಗ್ನಪತ್ರಿಕೆ ಅಚ್ಚಾಗಿ ಮುಗಿದಿದೆ, ಮೇಲುಗಡೆ ಕಳಸ ಇರಬೇಕಾದ ಜಾಗದಲ್ಲಿ ನಿನ್ನ ಕಾಯಿ ಕೂತಿದೆ, ಪಾರ್ಟಿ ಬರುತ್ತಿದ್ದಾರೆ, ನೀನೇ ಬಂದು ಮಾತಾಡು ಅಂದ. ಹೋದೆ. ಹೆಣ್ಣಿನ ದೊಡ್ಡಪ್ಪ ಬಂದರು, ಹಣೆ ತುಂಬ ವಿಭೂತಿ. ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

ಕಡೆಗೆ ಅವರು, ಎಲ್ಲರೂ ಜುಟ್ಟು ಮೇಲೆ ಮಾಡಿ ಶಿವನ ಕಣ್ಣೇ ಕಾಣದ ಹಾಗೆ ಮಾಡಿರುತ್ತಾರೆ, ನೀವು ಮೂರು ಕಣ್ಣೂ ಎದ್ದು ಕಾಣುವ ಹಾಗೆ ಹಾಕಿದ್ದೀರಿ, ಬಲು ಚೆಂದ ಅಂದರು. ಚೌಕ ಚೌಕವಾಗಿ ಯಾಕಿದೆ ಎಂದು ಕೇಳಿದರು. ಕಂಪ್ಯೂಟರ್ ಕಾಯಿ ಸ್ವಾಮಿ ಎಂದೆ. ಅವರಿಗೆ ಇನ್ನೂ ಸಂತೋಷವಾಯಿತು. ಆ ವರ್ಷ ಆ ಪ್ರೆಸ್ಸಿಗೆ ಬಂದವರೆಲ್ಲ ಅದೇ ಮುಕ್ಕಣ್ಣ ಬೇಕು ಎಂದು ಕೇಳಿ ಹಾಕಿಸಿಕೊಂಡರು. ಅದೇ ಹೊತ್ತಿಗೆ ಪರದೇಶದವನೊಬ್ಬ ನನಗೆ ಬರೆದಿದ್ದ, ಎಲ್ಲ ಸರಿ, ಆದರೆ ನಿಮ್ಮ ಐಕಾನಿನಲ್ಲಿ ಮೂರು ತೂತಿನ ಬೋಲಿಂಗ್ ಚೆಂಡು ಯಾಕಿದೆ ಎಂದು.

ಗಿಟುಕಿನ ಮ್ಯಾಕ್ ಆವೃತ್ತಿಯನ್ನು ಇಡೀ ಜಿಲ್ಲೆಯಲ್ಲಿ ಒಬ್ಬನೂ ಇಳಿಸಿಕೊಳ್ಳಲಿಲ್ಲ. ಅದರ ಐಕಾನ್ ಮಾತ್ರ ಮೂಲೆಗೆ ಅರಿಶಿನ ಹಚ್ಚಿಸಿಕೊಂಡು ಮನೆಮನೆಗೂ ಹೋಗಿಬಂತು.

ಲೈನಿನಲ್ಲಿ ಬೋರ್‌ವೆಲ್

ಆಗೆಲ್ಲ ಇಂಟರ್ನೆಟ್ ಬರುತ್ತಿದ್ದದ್ದು ಫೋನ್ ಲೈನಿನ ಮೇಲೆ. ನಮ್ಮ ಮನೆಯ ಫೋನು ಮಂಡಿಯ ಫೋನಿಗೇ ಜೋಡಿಸಿದ್ದು, ಒಂದೇ ಲೈನು. ಮಂಡಿಯಲ್ಲಿ ಚಿಕ್ಕಪ್ಪ ಕೂರುತ್ತಿದ್ದರು. ಹರಾಜಿನ ದಿನ ಮಾತ್ರ ಅಪ್ಪ ಕೋತಿಯನ್ನೂ ಮರೆತು, ಈವತ್ತಿನ ಧಾರಣೆ ಏನು ಎಂದು ಕೇಳಲು ಗಳಿಗೆಗೊಂದು ಸಲ ರಿಸೀವರ್ ಎತ್ತುತ್ತಿದ್ದರು. ನಾನು ಮೇಲಿನ ಕೋಣೆಯ ನನ್ನ ಇನ್ನೊಂದು ಕಂಪ್ಯೂಟರಿನಿಂದ, ಮೋಡೆಮ್ ಎಂಬ ಡಬ್ಬಿಯನ್ನು ಫೋನಿಗೆ ಸಿಕ್ಕಿಸಿ, ಹೊಸ ಆವೃತ್ತಿಯನ್ನು ಇಂಟರ್ನೆಟ್ಟಿಗೆ ಏರಿಸುತ್ತಿದ್ದರೆ, ಅಪ್ಪ ಎತ್ತಿದ ತಕ್ಷಣ ಲೈನು ಕತ್ತರಿಸಿ ಹೋಗುತ್ತಿತ್ತು. ಅರ್ಧ ಗಿಟುಕು ಅಲ್ಲೇ ಉಳಿಯುತ್ತಿತ್ತು, ಕಾದು ಕೂತ ಜನ ಆ ಅರ್ಧವನ್ನೇ ಇಳಿಸಿಕೊಂಡು ನನಗೆ ಬೈದು ಬರೆಯುತ್ತಿದ್ದರು.

ಹರಾಜಿನ ದಿನ ಬಿಟ್ಟು ಬೇರೆ ದಿನ ಏರಿಸಬಾರದೆ ಎಂದು ನೀವು ಕೇಳಬಹುದು. ಬೇರೆ ದಿನ ಚಿಕ್ಕಪ್ಪ ಹುಳಿಯಾರಿನ ವರ್ತಕರೊಬ್ಬರ ಜೊತೆ ಹರಾಜಿನ ಬಗ್ಗೆ ಮಾತಾಡುತ್ತಿರುತ್ತಿದ್ದರು.

ಅತ್ತ ಅಪ್ಪನಿಗೆ ಬೇರೆಯೇ ಕೊರಗು. ರಿಸೀವರ್ ಎತ್ತಿದರೆ ಕಿರ್‍ರ್ ಅಂತ ವಿಕಾರವಾದ ಸದ್ದು. ಅದು ನನ್ನ ಮೋಡೆಮ್ಮಿನ ಕೂಗು ಎಂದು ಅವರಿಗೆ ಗೊತ್ತಿಲ್ಲ, ಗೊತ್ತು ಮಾಡಿಸುವ ಧೈರ್ಯ ನನಗಿಲ್ಲ. ಲೈನ್ ಒಳಗೆ ಯಾರೋ ಬೋರ್‌ವೆಲ್ ಕೊರೀತಾವ್ರೆ ಎಂದು ಟೆಲಿಫೋನ್ ಎಕ್ಸ್‌ಚೇಂಜಿಗೆ ದೂರು ಕೊಟ್ಟುಬಿಟ್ಟರು. ಲೈನ್‌ಮ್ಯಾನ್ ಬರುತ್ತಾನೆ ಎಂದು ತಿಳಿದ ಗಾಬರಿಯಲ್ಲಿ ನಾನು ಓಡುತ್ತಿದ್ದ ಮೋಡೆಮ್ಮನ್ನು ಆರಿಸುವುದನ್ನೂ ಮರೆತೆ. ವಿಷಯ ಬಯಲಾದರೆ ಅಪ್ಪ ಇಂಟರ್ನೆಟ್ಟನ್ನೇ ಕೀಳಿಸುತ್ತಾರೆ, ದೋಷ ಹಿಡಿದುಕೊಡುವ ಪರದೇಶದವರ ಪತ್ರಗಳು ನಿಲ್ಲುತ್ತವೆ, ಮುಂದಿನ ಆವೃತ್ತಿ ಬರುವುದಿಲ್ಲ, ಕೋತಿ ನಿಲ್ಲುತ್ತದೆ, ಟವೆಲ್ಲು ಏರುತ್ತದೆ.

ಲೈನ್‌ಮ್ಯಾನ್ ಕಂಬ ಹತ್ತಿದ. ಪಕ್ಕದ ತೋಟದ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದು ಉಜ್ಜುತ್ತಿತ್ತು. ಅದನ್ನು ತೆಗೆದುಹಾಕಿ, ಒಳಗೆ ಬಂದು ರಿಸೀವರ್ ಎತ್ತಿ ಕೇಳಿ, ಒಮ್ಮೆ ಮಹಡಿಯ ಕಡೆ ಕಣ್ಣೆತ್ತಿ ನೋಡಿದ. ನನಗೆ ನನ್ನ ಕಥೆ ಮುಗಿಯಿತು ಅನ್ನಿಸಿತು. ಅವನು ಕೆಟ್ಟವನಲ್ಲ. ಅಪ್ಪನಿಗೆ ಗರಿ ತೋರಿಸಿ, ದೂರು ಕೊಟ್ಟದ್ದು ಒಳ್ಳೆಯದೇ ಆಯಿತು, ಈಗ ಲೈನು ಚೊಕ್ಕಟವಾಗಿದೆ ಎಂದ. ನಿಜಕ್ಕೂ ಅವತ್ತಿನಿಂದ ಅಪ್ಪ ಒಮ್ಮೆ ರಿಸೀವರ್ ಇಟ್ಟು ಮತ್ತೆ ಎತ್ತುವಷ್ಟರಲ್ಲಿ ಇಡೀ ಗಿಟುಕು ಒಂದೇ ಉಸಿರಿಗೆ ಏರತೊಡಗಿತು. ಹೊರಗೆ ಸೈಕಲ್ ಹತ್ತುವಾಗ ಮಾತ್ರ ನನ್ನನ್ನು ಕರೆದು ಮೆತ್ತಗೆ ಹೇಳಿದ:

“ಗರಿ ತೆಗ್ದಿದೀನಿ. ಆ ಕೂಗ್ತಾ ಇರೋದು ನಿಮ್ಮನೇದು ಕಣ್ರೀ, ಅದು ನಮ್ ಡಿಪಾರ್ಟ್‌ಮೆಂಟಿಗೆ ಬರಲ್ಲ.”

ಸ್ಕೂಟರ್ ಹ್ಯಾಂಡಲ್

ಅಪ್ಪನ ದಪ್ಪ ಬೆರಳುಗಳಿಗೆ ಕೀಬೋರ್ಡ್ ಒಗ್ಗಲಿಲ್ಲ. ಒಂದು ಒತ್ತಿದರೆ ಮೂರು ಒತ್ತಿಕೊಳ್ಳುತ್ತಿದ್ದವು. ಇದನ್ನು ನೋಡಿದ ಭಾಯ್, ಯಜಮಾನರಿಗೆ ಟೈಪಿಂಗ್ ಯಾಕೆ, ಹ್ಯಾಂಡಲ್ ಕೊಡೋಣ ಎಂದು ಹಳೇ ಸ್ಕೂಟರಿನ ಹ್ಯಾಂಡಲ್ ಒಂದನ್ನು ಹಲಗೆಗೆ ಕೂರಿಸಿ, ವೈರು ಎಳೆದು ತಂದ. ಎಡಗಡೆ ಹಿಡಿ ಅದುಮಿದರೆ ಕುಳ್ಳ ಎಡಕ್ಕೆ ಓಡುತ್ತಾನೆ, ಬಲಗಡೆ ಅದುಮಿದರೆ ಬಲಕ್ಕೆ. ಹಾರಲು ಹಾರನ್ ಗುಂಡಿ. ಅಪ್ಪ ರಾಜರ ಹಾಗೆ ಕೂತು ಆಡತೊಡಗಿದರು.

ಮುಂದಿನ ಆವೃತ್ತಿಯಲ್ಲಿ ನನ್ನ ಕೈತಪ್ಪಿ ಎಡ ಬಲ ಅದಲುಬದಲಾಗಿಬಿಟ್ಟಿತು. ಪರದೇಶದಿಂದ ಬೈಗುಳದ ಮಳೆ. ಮನೆಯಿಂದ ಮಾತ್ರ ಒಂದೂ ದೂರಿಲ್ಲ. ಅಪ್ಪನಿಗೆ ಇನ್ನೂ ತಿಳಿದಿಲ್ಲ, ಸದ್ಯ ಬಚಾವಾದೆ ಎಂದುಕೊಂಡು ಗಡಿಬಿಡಿಯಲ್ಲಿ ತಿದ್ದಿ, ಸರಿಯಾದ ಆವೃತ್ತಿಯನ್ನು ತಂದು ಮನೆಯ ಕಂಪ್ಯೂಟರಿಗೂ ಹಾಕಿ ಹೋದೆ.

ಮಧ್ಯಾಹ್ನ ಊಟಕ್ಕೆ ಬಂದರೆ ಅಪ್ಪ ಎದ್ದು ನಿಂತಿದ್ದಾರೆ, ಟವೆಲ್ಲು ಹೆಗಲ ಮೇಲಿದೆ, ಅಮ್ಮ ಬಾಗಿಲಲ್ಲಿದ್ದಾಳೆ. ಕುಳ್ಳ ಹಣ್ಣು ಬಿಟ್ಟು ಬೇರೆ ಕಡೆಗೇ ಓಡುತ್ತಿದ್ದನಂತೆ. ನನಗೆ ಅರ್ಥವೇ ಆಗಲಿಲ್ಲ. ಭಾಯ್‌ಗೆ ಹೇಳಿಕಳಿಸಿದೆ. ಅವನು ಬಂದು ನೋಡಿದ. ಎಡ ಬಲ ಅದಲುಬದಲಾದ ದಿನ ಅಪ್ಪ ಯಾರಿಗೂ ಹೇಳದೆ ಹಲಗೆಯನ್ನೇ ಹಿಂದುಮುಂದು ತಿರುಗಿಸಿಕೊಂಡು ಆಡಿದ್ದರು. ಈಗ ನಾನು ಸರಿಮಾಡಿದ್ದರಿಂದ ಅವರಿಗೆ ಕೆಟ್ಟಿತ್ತು. ಭಾಯ್ ಹಲಗೆಯನ್ನು ಮೊದಲಿನ ಹಾಗೆ ತಿರುಗಿಸಿಟ್ಟು ಕೈ ಒರೆಸಿಕೊಂಡ. ಅಪ್ಪ ಆಡಿ ನೋಡಿ, ಟವೆಲ್ಲು ಗೂಟಕ್ಕೆ ಹಾಕಿ, ನನ್ನ ಕಡೆ ತಿರುಗಿದರು.

“ನೀನು ವಾರಗಟ್ಲೆ ಕುಂತು ಕೆಡಿಸ್ದೆ. ಅವನು ನಿಂತ್ಕಂಡೇ ರಿಪೇರಿ ಮಾಡ್ದ. ಕಲ್ತ್ಕ.”

ಅಮ್ಮನ ಬೇಡಿಕೆ

ಕಡೆಗೂ ಡಾಕ್ಟರು ಪರೀಕ್ಷೆ ಮಾಡಿ, ಎಲ್ಲ ಚೆನ್ನಾಗಿದೆ, ಇನ್ನು ಮಂಡಿಗೆ ಹೋಗಿ ಕೂರಬಹುದು, ಮೂಟೆ ಮಾತ್ರ ಮುಟ್ಟಬೇಡಿ ಅಂದರು. ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಮ್ಮ ಹಾಲ್ಕುರಿಕೆಗೆ ಹೋಗಿ ಹರಕೆ ತೀರಿಸಿ ಬಂದಳು. ಮನೆಯಲ್ಲಿ ಪಾಯಸವಾಯಿತು. ಅಪ್ಪ ಪಾಯಸ ಕುಡಿದು, ಕೈ ತೊಳೆದು, ನೆಟ್ಟಗೆ ಹೋಗಿ ಸ್ಕೂಟರ್ ಹ್ಯಾಂಡಲ್ ಹಿಡಿದು ಕೂತರು.

ಮಾರನೆಯ ದಿನವೂ ಕೂತರು. ಆ ವಾರವೂ ಕೂತರು. ಬೀದಿಯಲ್ಲಿ ಲಾರಿ ಹಾರನ್ ಹೊಡೆದು ಹೊಡೆದು ಸುಮ್ಮನಾಯಿತು. ಚಿಕ್ಕಪ್ಪ ಬಂದು, ಅಣ್ಣಯ್ಯ, ನೀನಿಲ್ಲದೆ ಮಂಡಿ ನಡೆಯುತ್ತಿಲ್ಲ ಎಂದು ಗೋಗರೆದರು. ಇನ್ನೊಂದೆರಡು ಮನೆ ಐತೆ ಬುಡು, ಮುಗಿಸ್ಕಂಡು ಬತ್ತೀನಿ ಎಂದು ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. ನಡುಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ, ಕಸ ಗುಡಿಸುವ ಹಾಗಿಲ್ಲ.

ಅಮ್ಮ ಮತ್ತೆ ನನ್ನನ್ನು ಅಡುಗೆಮನೆಗೆ ಕರೆದಳು. “ಏನಾರ ಒಂದು ಕೆಡಿಸೋ ಹಂಗೆ ಹೊಸದು ಬಿಡಪ್ಪ,” ಅಂದಳು. “ಎಷ್ಟು ಸಲ ಕೆಡಿಸಿದ್ದೀಯ, ಇದೊಂದ್ಸಲ ನನಗೋಸ್ಕರ ಕೆಡಿಸು.”

ಸಾಫ್ಟ್‌ವೇರ್ ಬರೆಯುವವನಿಗೆ ಇಂಥ ಬೇಡಿಕೆ ಬರುವುದು ಅಪರೂಪ. ಯೋಚಿಸಿ, ಮನೆಯ ಪ್ರತಿಗೆ ಮಾತ್ರ ಎಂದುಕೊಂಡು, ಕೋತಿ ಆಟಕ್ಕೆ ಅಗತ್ಯ ಎಂದು ನಾನು ನಂಬಿದ್ದ ಒಂದು ತುಂಡನ್ನು ಗಿಟುಕಿನಿಂದ ಕಿತ್ತುಹಾಕಿದೆ. ಇನ್ನು ಎರಡನೆಯ ಮರಕ್ಕೇ ಕೋತಿ ಕಲ್ಲಾಗಬೇಕು ಎಂದು ನನ್ನ ಲೆಕ್ಕ. ಆದರೆ ಇಷ್ಟು ದಿನ ಆಟ ಸಿಕ್ಕಿಕೊಳ್ಳುತ್ತಿದ್ದದ್ದೇ ಆ ತುಂಡಿನಿಂದ. ಅದು ಹೋದ ಮೇಲೆ ಕೋತಿ ಎಣ್ಣೆ ಹಾಕಿದ ಗಾಣದ ಹಾಗೆ ಓಡಿತು. ಅಪ್ಪ ಊಟದ ಹೊತ್ತಿಗೆ ಮನೆಗಳ ಮೇಲೆ ಮನೆ ದಾಟಿ, ನಿನ್ನ ಮಗ ಈಗ ಕೆಲ್ಸ ಕಲ್ತ ಕಣೇ ಎಂದು ಅಮ್ಮನ ಮುಂದೆಯೇ ನನ್ನನ್ನು ಹೊಗಳಿದರು. ಮಾಡಿದ ಮೇಲೆ ಯಾಕೆ ಬಿಡಬೇಕು ಎಂದು ಅದನ್ನೇ ಇಂಟರ್ನೆಟ್ಟಿಗೂ ಏರಿಸಿದೆ. ಒಂದೂ ದೂರು ಬರದ ಆವೃತ್ತಿ ನನ್ನ ಜೀವಮಾನದಲ್ಲಿ ಅದೊಂದೇ.

ಅಮ್ಮ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತಳು. “ನಿನ್ ಕೈಲಿ ನೆಟ್ಟಗೆ ಕೆಡಿಸೋಕೂ ಆಗಲ್ವಲ್ಲೋ.”

ಕೊನೆಯ ಮನೆ

ಅಪ್ಪ ಕೊನೆಯ ಮನೆಗೆ ಬಂದ ದಿನ ಹೇಗೋ ಸುದ್ದಿಯಾಗಿತ್ತು. ಭಾಯ್ ಅಂಗಡಿ ಬಾಗಿಲೆಳೆದು ಬಂದ. ಚಿಕ್ಕಪ್ಪ ಮಂಡಿಯಿಂದ ಬಂದರು. ನಾನು ಬೆನ್ನ ಹಿಂದೆ ನಿಂತಿದ್ದೆ. ಕೋತಿ ಹುಚ್ಚೆದ್ದು ಹಣ್ಣು ಸುರಿಯಿತು. ಅಪ್ಪ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಅದುಮಿ, ಹಾರನ್ ಒತ್ತಿ, ಕೊನೆಯ ಹಣ್ಣನ್ನು ಬುಟ್ಟಿಗೆ ಹಾಕಿಕೊಂಡರು. ಕೋತಿ ಮರದಿಂದ ಇಳಿದು ಕುಳ್ಳನಿಗೆ ಕೈಮುಗಿಯಿತು. ಪರದೆ ಕಪ್ಪಾಗಿ, ನಾಲ್ಕು ಸಾಲು ಜಪಾನೀ ಅಕ್ಷರ ಮೂಡಿತು. ಅದರ ಕೆಳಗೆ ಮೊದಲ ಮನೆಯ ಮರ ಮಿಣಮಿಣ ಅನ್ನುತ್ತಿತ್ತು. ಹಾರನ್ ಒತ್ತಿದರೆ ಆಟ ಮತ್ತೆ ಮೊದಲಿಂದ.

ಅಪ್ಪನ ಹೆಬ್ಬೆರಳು ಹಾರನ್ ಮೇಲೆಯೇ ಇತ್ತು. ನಾನೂ ಚಿಕ್ಕಪ್ಪನೂ ಮುಖ ಮುಖ ನೋಡಿಕೊಂಡೆವು. ಇನ್ನೊಂದು ಸುತ್ತು ಶುರುವಾದರೆ ಮಂಡಿಗೆ ಬೀಗವೇ ಗತಿ.

ಏನ್ಲಾ ಬರ್ದೈತೆ ಎಂದು ಅಪ್ಪ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಭಾಯ್ ಬಗ್ಗಿ ನೋಡಿ, ಉರ್ದು ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ ಎಂದ.

ಅಷ್ಟು ಹೊತ್ತಿಗೆ ಅಮ್ಮ ಮಜ್ಜಿಗೆ ತಂದಳು. ಲೋಟ ಕೆಳಗಿಟ್ಟು, ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡು, ಪರದೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು.

“ಇದನ್ನ ಓದಕ್ಕೆ ಏನ್ ಬೇಕು,” ಅಂದಳು. “ಆಟ ಮುಗೀತು, ಇನ್ನು ಮಂಡಿಗೆ ಹೋಗಿ ಅಂತ ಬರ್ದೈತೆ ಕಣ್ರೀ.”

ಅಪ್ಪ ಅಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳು ತೆಗೆದು, ಮಜ್ಜಿಗೆ ಕುಡಿದು, ಗೂಟದಿಂದ ಟವೆಲ್ಲು ತೆಗೆದುಕೊಂಡರು. ಅಷ್ಟು ದೂರದೋರು ಹೇಳಿ ಕಳ್ಸವ್ರೆ ಅಂದ್ಮೇಲೆ ಹೋಗ್ಬೇಕಪ್ಪ ಎಂದು ಮೆಟ್ಟು ಮೆಟ್ಟಿ ಚಿಕ್ಕಪ್ಪನ ಜೊತೆ ಹೊರಟರು. ಅವರು ನಿಧಾನವಾಗಿ, ಎದೆ ಹಿಡಿದುಕೊಳ್ಳದೆ, ಬೀದಿಯ ತಿರುವು ದಾಟುವವರೆಗೆ ನಾನೂ ಅಮ್ಮನೂ ಬಾಗಿಲಲ್ಲೇ ನಿಂತು ನೋಡಿದೆವು. ಅಮ್ಮ ಈ ಸಲ ಅಡ್ಡ ನಿಲ್ಲಲಿಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು, ಅಂಥ ಸಮಾಧಾನ ನನಗೆ ಯಾವ ಬಿಡುಗಡೆಯಲ್ಲೂ ಸಿಕ್ಕಿರಲಿಲ್ಲ.

ಆ ನಾಲ್ಕು ಸಾಲು ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಪರದೆಯ ಚಿತ್ರ ತೆಗೆದು, ಗಿಟುಕು ಬಳಸುವ ಜಪಾನಿನವನೊಬ್ಬನಿಗೆ ಕಳಿಸಿ ಅರ್ಥ ಕೇಳಿದೆ. ಕೆಲವು ದಿನ ಬಿಟ್ಟು ಉತ್ತರ ಬಂತು. ‘ತುಂಬಾ ದುಡಿದು ದಣಿದಿದ್ದೀರಿ. ಇನ್ನು ಕೆಲಸದ ಚಿಂತೆ ಬಿಡಿ. ಮನೆಯಲ್ಲೇ ಆರಾಮವಾಗಿ ಕೂತುಕೊಳ್ಳಿ. ಬೇಕಾದರೆ ಇನ್ನೊಮ್ಮೆ ಆಡಿ’ ಎಂದು ಬರೆದಿದೆಯಂತೆ.

ಅಮ್ಮನಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

“ಆ ಜಪಾನಿನೋನಿಗೆ ಓದಕ್ಕೆ ಬರಲ್ಲ ಅಂತ ಬರೆದಾಕು.”